ಒಂದು ಅಂಕದ ಪ್ರಾಣಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ನನ್ನೂರು ತೆಲಸಂಗದಲ್ಲಿಯೇ. ಅಥಣಿಯಿಂದ ವಿಜಾಪುರದ ಕಡೆಗೆ ಹೊರಟರೆ ಸಿಗುವ ಊರು ನಮ್ಮದು. ಮಳೆ ಕಡಿಮೆಯ ಸೀಮೆ. ಜೋಳ ಮತ್ತು ದ್ರಾಕ್ಷಿಯ ಮಾತು ನಮಗೆ ಗೊತ್ತು; ಕಡಲಿನ ಮಾತು ಗೊತ್ತಿಲ್ಲ. ಭೂಪಟದ ಮೇಲೆ ನೇರ ಗೆರೆ ಎಳೆದರೂ ಅರಬ್ಬೀ ಸಮುದ್ರ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನನ್ನ ಅವ್ವ ಎಂಬತ್ತು ವರ್ಷ ಬದುಕಿ, ಒಮ್ಮೆಯೂ ಸಮುದ್ರ ನೋಡದೆ ಹೋದಳು.

ಅಂಥ ಊರಿನ ಮಕ್ಕಳಿಗೆ ಪ್ರತಿ ವರ್ಷ ಪ್ರಾಣಿಗಳ ವರ್ಗೀಕರಣದ ಪಾಠ ಮಾಡಬೇಕಾಗುತ್ತಿತ್ತು. ಏಕಕೋಶ ಜೀವಿಗಳು ಮುಗಿದೊಡನೆ ಬರುವುದು ಪೊರಿಫೆರಾ ವಂಶ, ಅಂದರೆ ಸ್ಪಂಜು ಪ್ರಾಣಿಗಳು. ಪುಸ್ತಕದಲ್ಲಿ ನಾಲ್ಕು ಸಾಲು, ಒಂದು ಚಿತ್ರ. ಮೈತುಂಬ ರಂಧ್ರಗಳು, ಹೆಚ್ಚಿನವು ಕಡಲವಾಸಿಗಳು, ಒಂದೆಡೆ ಅಂಟಿಕೊಂಡೇ ಬದುಕುತ್ತವೆ. ನಮ್ಮ ಹುಡುಗರಿಗೆ ಗೊತ್ತಿದ್ದ ಸ್ಪಂಜು ಒಂದೇ: ಪೋಸ್ಟಾಫೀಸಿನಲ್ಲಿ ಅಂಚೆಚೀಟಿ ಒದ್ದೆ ಮಾಡಲು ಡಬ್ಬಿಯಲ್ಲಿ ಇಡುತ್ತಿದ್ದದ್ದು. ಅದು ಕಾರ್ಖಾನೆಯ ಮಾಲು, ಪ್ರಾಣಿಯಲ್ಲ ಎಂದು ಹೇಳುವಷ್ಟರಲ್ಲಿ ನನ್ನ ಪಾಠ ಮುಗಿದಿರುತ್ತಿತ್ತು.

1994ರಲ್ಲಿ ಇರಬೇಕು, ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಸರ, ಇದು ಓಡೂದಿಲ್ಲ, ಕಡಿಯೂದಿಲ್ಲ, ತಿನ್ನಾಕೂ ಬರೂದಿಲ್ಲ. ಇದರಿಂದ ಉಪಯೋಗ ಏನ್ರಿ?’

‘ಪರೀಕ್ಷೆಗೆ ಒಂದು ಮಾರ್ಕ್ಸು ಐತೆಲ್ಲೋ, ಅದ ಉಪಯೋಗ’ ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ. ಹುಡುಗ ಕೂತುಕೊಂಡ. ಆ ನಗೆಗೆ ನಾನು ತೆರಬೇಕಾದ ದಂಡ ಮುಂದೆ ಕಾದಿತ್ತು.

1998ರ ಶ್ರಾವಣದಲ್ಲಿ ನನ್ನ ತಂಗಿಯ ಮಗ ಕಾಯಿಲೆ ಬಿದ್ದ. ಆರು ವರ್ಷದ ಹುಡುಗ. ಮೊದಲು ಜ್ವರ, ಆಮೇಲೆ ಮೊಣಕಾಲು ನೋವು. ಓಣಿಯ ಹುಡುಗರೆಲ್ಲ ಚಿಣ್ಣಿಕೋಲು ಆಡುತ್ತಿದ್ದರೆ ಇವನು ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಹತ್ತಿರದ ಪಟ್ಟಣದ ವೈದ್ಯರೊಬ್ಬರು ವಿಷಮಶೀತ ಜ್ವರವೆಂದು ಮೂರು ವಾರ ಔಷಧ ಕೊಟ್ಟರು. ಅವರನ್ನು ದೂರಿ ಫಲವಿಲ್ಲ. ಮಗುವಿನ ಮೈ ಬಿಳಿಚಿದ್ದು, ಎಲ್ಲಿಯೂ ಬೀಳದೆ ತೊಡೆಯ ಮೇಲೆ ನೀಲಿ ಕಲೆ ಮೂಡಿದ್ದು, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದದ್ದು, ಎಲ್ಲವನ್ನೂ ನಾನೂ ನೋಡಿದ್ದೆ. ವಿಜ್ಞಾನದ ಮಾಸ್ತರನಾಗಿದ್ದೂ ನನಗೆ ಏನೂ ಹೊಳೆದಿರಲಿಲ್ಲ. ಇದನ್ನು ಓದುತ್ತಿರುವ ತಾಯ್ತಂದೆಯರಿಗೆ ಇಷ್ಟು ಹೇಳಬೇಕು: ವಾರಗಟ್ಟಲೆ ಬಿಡದ ಜ್ವರದ ಜೊತೆ ಇಂಥ ಲಕ್ಷಣಗಳು ಕಂಡರೆ ತಡಮಾಡದೆ ರಕ್ತಕಣಗಳ ಎಣಿಕೆ ಮಾಡಿಸಿ. ಅದು ದೊಡ್ಡ ಖರ್ಚಿನ ಪರೀಕ್ಷೆಯಲ್ಲ.

ನಮ್ಮ ಸೀಮೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ. 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ಮಿಶನ್ ದವಾಖಾನೆ ಆರಂಭಿಸಿದ ಕಾಲದಿಂದಲೂ ಗಡಿಯ ಈಚೆಯವರ ಗಾಡಿಗಳು ಆ ದಾರಿ ಹಿಡಿದಿವೆ. ನಾವೂ ಅಲ್ಲಿಗೇ ಹೋದೆವು. ರಕ್ತ ನೋಡಿದರು, ಬೆನ್ನ ಕೆಳಗಿನ ಎಲುಬಿನಿಂದ ಮಜ್ಜೆ ತೆಗೆದು ನೋಡಿದರು. ರಕ್ತದ ಕ್ಯಾನ್ಸರ್ ಎಂದರು. ‘ಮುಂಬಯಿಗೆ ಟಾಟಾ ದವಾಖಾನೆಗೆ ಒಯ್ಯಿರಿ, ಇವತ್ತೇ ಒಯ್ಯಿರಿ’ ಎಂದರು. ಅಂದು ರಾತ್ರಿಯೇ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದೆವು. ತಂಗಿ ದಾರಿಯುದ್ದಕ್ಕೂ ಒಂದೂ ಮಾತಾಡಲಿಲ್ಲ. ಪುಣೆ ದಾಟಿದ ಮೇಲೆ ಒಮ್ಮೆ ಮಾತ್ರ, ‘ಅಣ್ಣಾ, ನೀ ಓದಿದಾವ. ಇದಕ್ಕ ಔಷಧ ಐತೇನು?’ ಎಂದಳು. ‘ಐತವ್ವಾ’ ಎಂದೆ. ನನಗೆ ಗೊತ್ತಿರಲಿಲ್ಲ.

ಔಷಧ ಇತ್ತು. ಒಂದಲ್ಲ, ಹಲವು. ಎರಡು ವರ್ಷಕ್ಕೂ ಮೇಲ್ಪಟ್ಟ ಚಿಕಿತ್ಸೆ. ಮೊದಲ ತಿಂಗಳುಗಳಲ್ಲಿ ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯಲ್ಲಿ ಇದ್ದೆವು. ಪರೇಲಿನ ದವಾಖಾನೆಗೆ ಬರುವ ಎಷ್ಟೋ ಊರುಗಳ ಬಡವರಿಗೆ ಅದೇ ಆಸರೆ. ಭಾವನವರಿಗೆ ಹೊಲ ಬಿಟ್ಟು ಬರಲಾಗುತ್ತಿರಲಿಲ್ಲ. ಹಾಗಾಗಿ ರಜೆ ಹಾಕಿ ಹೋಗಿ ಬಂದು ಮಾಡುತ್ತಿದ್ದವನು ನಾನು. ಖರ್ಚಿನ ಲೆಕ್ಕಕ್ಕೆಂದು ಕೆಂಪು ರಟ್ಟಿನ ಒಂದು ವಹಿ ಇಟ್ಟೆ. ತಾರೀಖು, ಔಷಧದ ಹೆಸರು, ಬಾಟಲಿಯ ಸಂಖ್ಯೆ, ರೂಪಾಯಿ. ವಿನ್‌ಕ್ರಿಸ್ಟಿನ್, ಮೆಥೊಟ್ರೆಕ್ಸೇಟ್, ಸೈಟರಬಿನ್. ಅರ್ಥ ತಿಳಿಯದ ಮಂತ್ರದ ಹಾಗೆ ಅವನ್ನು ಬರೆದುಕೊಳ್ಳುತ್ತ ಹೋದೆ.

ಹುಡುಗನ ಕೂದಲು ಉದುರಿತು. ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದಾಯಿತು. ಪಕ್ಕದ ಹಾಸಿಗೆಯಲ್ಲಿ ಸೋಲಾಪುರ ಕಡೆಯ ಒಂದು ಹುಡುಗಿ ಇದ್ದಳು, ಇವನದೇ ವಯಸ್ಸು. ಇಬ್ಬರೂ ಮರಾಠಿ–ಕನ್ನಡ ಬೆರೆಸಿ ಮಾತಾಡುತ್ತ, ಬೋಳು ತಲೆಗಳನ್ನು ಮುಟ್ಟಿ ನೋಡಿಕೊಂಡು ನಗುತ್ತಿದ್ದರು. ಆ ಕೂಸು ದೀಪಾವಳಿಯ ಹೊತ್ತಿಗೆ ಹೋಯಿತು. ನಮ್ಮ ಹುಡುಗ ಉಳಿದ. ಒಂದೇ ಕಾಯಿಲೆ, ಅವೇ ಔಷಧಗಳು. ಒಬ್ಬರು ಯಾಕೆ ಉಳಿದರು, ಒಬ್ಬರು ಯಾಕೆ ಹೋದರು ಎಂಬುದಕ್ಕೆ ನನ್ನ ಹತ್ತಿರ ಇಂದಿಗೂ ಉತ್ತರವಿಲ್ಲ.

ಊರಿಗೆ ಮರಳಿದ ಮೇಲೆ ವಹಿ ಟ್ರಂಕಿನ ತಳ ಸೇರಿತು. ಒಂದು ವಿಷಯ ಮಾತ್ರ ಅಲ್ಲಿದ್ದಾಗಲೇ ತಿಳಿದಿತ್ತು. ವಿನ್‌ಕ್ರಿಸ್ಟಿನ್ ಬಂದದ್ದು ಸದಾಪುಷ್ಪದಿಂದ, ಎಂದರೆ ನಮ್ಮ ಹಿತ್ತಿಲಲ್ಲಿ ಯಾರೂ ನೀರು ಹಾಕದಿದ್ದರೂ ಬೆಳೆಯುವ ಕಾಶಿ ಕಣಗಿಲೆಯಿಂದ ಎಂದು ಒಬ್ಬ ತರುಣ ವೈದ್ಯರು ಹೇಳಿದ್ದರು. ತಂಗಿ ಆ ಗಿಡವನ್ನು ತುಳಸಿಕಟ್ಟೆಯ ಪಕ್ಕಕ್ಕೆ ತಂದು ನೆಟ್ಟಳು. ಉಳಿದ ಹೆಸರುಗಳ ಮೂಲವನ್ನು ನಾನು ಕೇಳಲೂ ಇಲ್ಲ, ಹುಡುಕಲೂ ಇಲ್ಲ.

ಹತ್ತು ವರ್ಷ ಕಳೆಯಿತು. 2008ರಲ್ಲಿ ನನ್ನ ಮಗಳು ಬಿ.ಎಸ್ಸಿ. ಮುಗಿಸಿ, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗಕ್ಕೆ ಅರ್ಜಿ ಹಾಕುತ್ತೇನೆಂದಳು. ನನಗೆ ಸಿಟ್ಟು ಬಂತು. ಬಿ.ಎಡ್. ಮಾಡಿದರೆ ಒಂದು ಮಾಸ್ತರಿಕೆಯಾದರೂ ಸಿಕ್ಕೀತು ಎಂಬುದು ನನ್ನ ಲೆಕ್ಕ.

‘ಕಡಲಿನ ಪ್ರಾಣಿ ಓದಿ ತೆಲಸಂಗದಾಗ ಏನ ಮಾಡ್ತಿ? ಇಲ್ಲಿ ಬಾವಿಗೇ ನೀರಿಲ್ಲ’ ಎಂದೆ.

‘ಅಪ್ಪಾ, ಎರಡ ವರ್ಷ ಓದಾಕ ಬಿಡ್ರಿ. ಆಮ್ಯಾಲೆ ನೀವು ಹೇಳಿದಂಗ ಕೇಳ್ತೀನಿ’ ಎಂದಳು. ಅವಳ ಅವ್ವ ಅವಳ ಪರ ನಿಂತಳು. ನಾನು ಸೋತೆ.

ಆ ಚಳಿಗಾಲದಲ್ಲಿ ಅವಳನ್ನು ನೋಡಲು ಹೋದೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಕಾರವಾರ ಸೇರುವ ಹೊತ್ತಿಗೆ ಮೈ ಹಣ್ಣಾಗಿತ್ತು. ಮರುದಿನ ಇಳಿತದ ಸಮಯ ನೋಡಿಕೊಂಡು ಮಗಳು ನನ್ನನ್ನು ಬಂಡೆಗಳಿರುವ ದಂಡೆಗೆ ಕರೆದೊಯ್ದಳು. ನೀರು ಹಿಂದೆ ಸರಿದು ಬಂಡೆಗಳ ಬುಡ ಕಾಣುತ್ತಿತ್ತು. ಒಂದು ಬಂಡೆಯ ಕೆಳಮೈಗೆ ಕಿತ್ತಳೆ ಬಣ್ಣದ ಏನೋ ಮೆತ್ತಿಕೊಂಡಿತ್ತು. ಗೋಡೆಗೆ ಬಳಿದು ಅರ್ಧಕ್ಕೆ ಬಿಟ್ಟ ಬಣ್ಣದ ಹಾಗೆ. ಹತ್ತಿರ ಬಗ್ಗಿದರೆ ಸೂಜಿಮೊನೆಯಂಥ ತೂತುಗಳು.

‘ಇದ ನೋಡ್ರಿ ಅಪ್ಪಾ, ನಿಮ್ಮ ಒಂದ ಮಾರ್ಕ್ಸಿನ ಪ್ರಾಣಿ’ ಎಂದಳು.

ಎಷ್ಟೋ ವರ್ಷ ಪಾಠ ಹೇಳಿದ ಪ್ರಾಣಿಯನ್ನು ಅಂದು ಮೊದಲ ಸಲ ಕಣ್ಣಾರೆ ನೋಡಿದೆ. ಮುಟ್ಟಲು ಹೋದರೆ ಮಗಳು ತಡೆದಳು. ಕೆಲವು ಜಾತಿಯ ಸ್ಪಂಜುಗಳು ಮುಟ್ಟಿದರೆ ಕೈ ಉರಿ ಬರುತ್ತದಂತೆ. ದಂಡೆಯಲ್ಲಿ ಕೂತು ಅವಳು ಚೀಲದಿಂದ ಒಂದು ವಹಿ ತೆಗೆದಳು. ಅದೇ ಕೆಂಪು ರಟ್ಟಿನದು. ಮನೆಯಿಂದ ಹೊರಡುವಾಗ ಟ್ರಂಕಿನಿಂದ ತಂದಿದ್ದಳು. ಒಂದು ಪುಟ ತೆರೆದು, ‘ಸೈಟರಬಿನ್’ ಎಂದು ನನ್ನ ಕೈಬರಹದಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟು, ‘ಇದು ಎಲ್ಲಿಂದ ಬಂತು ಗೊತ್ತೈತೇನು?’ ಎಂದು ಕೇಳಿದಳು. ನಾನು ಮಾಸ್ತರ, ಅವಳು ವಿದ್ಯಾರ್ಥಿನಿ ಎಂಬುದು ಅಂದು ತಿರುವುಮುರುವಾಯಿತು. ಅವಳು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ಸ್ಪಂಜಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಹೃದಯವಿಲ್ಲ, ಮಿದುಳಿಲ್ಲ. ಅದರ ಬದುಕೆಲ್ಲ ನೀರು ಸೋಸುವುದು. ಮೈಮೇಲಿನ ಸಣ್ಣ ತೂತುಗಳಿಂದ ನೀರು ಒಳಗೆ ಬರುತ್ತದೆ. ಒಳಗೋಡೆಯಲ್ಲಿ ಚಾಟಿಯಂಥ ಬಾಲವುಳ್ಳ ಕೋಶಗಳಿವೆ. ಅವು ಚಾಟಿ ಬೀಸಿ ನೀರನ್ನು ಎಳೆದು, ಅದರಲ್ಲಿರುವ ಕಣ್ಣಿಗೆ ಕಾಣದ ಆಹಾರವನ್ನು ಹಿಡಿದುಕೊಳ್ಳುತ್ತವೆ. ನೀರು ದೊಡ್ಡ ತೂತಿನಿಂದ ಹೊರಹೋಗುತ್ತದೆ. ಕೋಶಗಳು ಒಂದಕ್ಕೊಂದು ಎಷ್ಟು ಸಡಿಲವಾಗಿ ಸೇರಿಕೊಂಡಿವೆಯೆಂದರೆ, 1907ರಲ್ಲಿ ಅಮೆರಿಕದ ಎಚ್.ವಿ. ವಿಲ್ಸನ್ ಎಂಬ ಪ್ರಾಣಿಶಾಸ್ತ್ರಜ್ಞ ಒಂದು ಸ್ಪಂಜನ್ನು ಹಿಟ್ಟು ಸಾಣಿಸುವಂಥ ನವಿರಾದ ರೇಷ್ಮೆ ಬಟ್ಟೆಯ ಮೂಲಕ ಹಿಂಡಿ ಬಿಡಿಬಿಡಿ ಕೋಶಗಳನ್ನಾಗಿ ಮಾಡಿದ. ಆ ಕೋಶಗಳು ತಟ್ಟೆಯ ತಳದಲ್ಲಿ ತೆವಳಿ, ಒಂದನ್ನೊಂದು ಹುಡುಕಿ ಸೇರಿ, ಮತ್ತೆ ಪುಟ್ಟ ಸ್ಪಂಜುಗಳಾದವು. ಈ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳಿದ್ದರೆ ಯಾವ ಹುಡುಗನೂ ‘ಉಪಯೋಗ ಏನ್ರಿ’ ಎಂದು ಕೇಳುತ್ತಿರಲಿಲ್ಲ. ಆದರೆ ನನಗೇ ಗೊತ್ತಿರಲಿಲ್ಲ.

ಇಂಥ ಮೆತ್ತನೆಯ ಪ್ರಾಣಿ ಕಡಲಿನಲ್ಲಿ ಉಳಿಯುವುದಾದರೂ ಹೇಗೆ? ಓಡಲಾರದು, ಅಡಗಲಾರದು. ಮೀನು ಕಚ್ಚಬಹುದು, ಪಕ್ಕದ ಹವಳ ಮೇಲೇರಿ ಬರಬಹುದು, ಸೋಸುವ ನೀರಿನಲ್ಲಿಯೇ ರೋಗಾಣುಗಳು ತುಂಬಿರುತ್ತವೆ. ಕಾಲಿಲ್ಲದವನಿಗೆ ರಸಾಯನವೇ ಆಯುಧ. ಕಹಿಯಾದ, ಉರಿಸುವ, ಇನ್ನೊಂದು ಜೀವಿಯ ಕೋಶ ಬೆಳೆಯದಂತೆ ತಡೆಯುವ ವಸ್ತುಗಳನ್ನು ಎಷ್ಟೋ ಸ್ಪಂಜುಗಳು ಮೈಯಲ್ಲಿ ಇಟ್ಟುಕೊಂಡಿವೆ. ಎಲ್ಲವನ್ನೂ ಅವೇ ತಯಾರಿಸುತ್ತವೆ ಎಂದೂ ಹೇಳುವಂತಿಲ್ಲ. ಸ್ಪಂಜಿನ ಮೈಯೊಳಗೆ ಬಾಡಿಗೆದಾರರಂತೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಥಿಯೊನೆಲ್ಲಾ ಎಂಬ ಸ್ಪಂಜಿನ ಅನೇಕ ವಸ್ತುಗಳನ್ನು ತಯಾರಿಸುವುದು ಅಂಥ ಬ್ಯಾಕ್ಟೀರಿಯಾ ಎಂದು 2014ರಲ್ಲಿ ಜೋರ್ನ್ ಪೀಲ್ ಮತ್ತು ಸಂಗಡಿಗರು ತೋರಿಸಿದರು.

ಈಗ ನನ್ನ ವಹಿಯ ಸಾಲಿಗೆ ಬರೋಣ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಅವರು ಕ್ಯಾನ್ಸರ್ ಔಷಧ ಹುಡುಕುತ್ತಿರಲಿಲ್ಲ. ಕಡಲಿನ ಕೆಳವರ್ಗದ ಪ್ರಾಣಿಗಳಲ್ಲಿ ಎಂಥ ಕೊಬ್ಬಿನಂಶಗಳಿವೆ ಎಂದು ನೋಡುವುದು ಅವರ ಕೆಲಸ. 1945ರಲ್ಲಿ ಫ್ಲಾರಿಡಾದ ಕಡಲತೀರದಿಂದ ತಂದ ಒಂದು ಸ್ಪಂಜನ್ನು ಅಸಿಟೋನಿನಲ್ಲಿ ಕುದಿಸಿದಾಗ, ನಿರೀಕ್ಷೆಯಿಲ್ಲದ ಹರಳುಗಳು ತಳಕ್ಕೆ ಇಳಿದವು. ಕೊಬ್ಬು ಹುಡುಕುವವನಿಗೆ ಅದು ಬೇಡದ ಕಸ. ಅವರು ಎಸೆಯಲಿಲ್ಲ. ಸಂಗಡಿಗ ರಾಬರ್ಟ್ ಫೀನಿಯವರೊಂದಿಗೆ ಪರೀಕ್ಷಿಸಿ 1950–51ರಲ್ಲಿ ಅದರ ಬಗ್ಗೆ ಪ್ರಕಟಿಸಿದರು. ಅದು ವಂಶವಾಹಿಯ ಡಿ.ಎನ್.ಎ. ಕಟ್ಟುವ ಬಿಲ್ಲೆಗಳಲ್ಲಿ ಒಂದನ್ನು ಹೋಲುತ್ತಿತ್ತು. ಆದರೆ ಅದರೊಳಗಿನ ಸಕ್ಕರೆ ಮಾತ್ರ ಬೇರೆ: ಡಿಆಕ್ಸಿರೈಬೋಸ್ ಇರಬೇಕಾದಲ್ಲಿ ಅರಾಬಿನೋಸ್. ಎರಡಕ್ಕೂ ವ್ಯತ್ಯಾಸ ಇಷ್ಟೇ: ಒಂದು ಕಡೆ ಬರಿಯ ಜಲಜನಕ ಇರಬೇಕಾದಲ್ಲಿ ಆಮ್ಲಜನಕ–ಜಲಜನಕದ ಜೋಡಿ ಮೇಲಕ್ಕೆ ತಿರುಗಿ ಕೂತಿದೆ.

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗುತ್ತದೆ? ಗೌಂಡಿಯೊಬ್ಬ ಸರಸರನೆ ಗೋಡೆ ಕಟ್ಟುತ್ತಿದ್ದಾನೆ ಎಂದುಕೊಳ್ಳಿ. ಇಟ್ಟಂಗಿಯ ರಾಶಿಯಲ್ಲಿ ಅದೇ ಬಣ್ಣದ, ಅದೇ ಅಳತೆಯ, ಆದರೆ ಒಂದು ಮೈ ಉಬ್ಬಿದ ಕೆಲವು ಇಟ್ಟಂಗಿ ಸೇರಿವೆ. ನೋಡದೆ ಎತ್ತಿ ಇಡುತ್ತಾನೆ. ಅದರ ಮೇಲೆ ಮುಂದಿನ ಇಟ್ಟಂಗಿ ಕೂರುವುದಿಲ್ಲ. ಗೋಡೆ ಅಲ್ಲಿಗೆ ನಿಲ್ಲುತ್ತದೆ. ಕ್ಯಾನ್ಸರ್ ಕೋಶಗಳು ಎಡೆಬಿಡದೆ ಒಡೆದು ಎರಡಾಗುತ್ತಿರುತ್ತವೆ. ಪ್ರತಿ ಸಲವೂ ಹೊಸ ಡಿ.ಎನ್.ಎ. ಕಟ್ಟಬೇಕು. ಆ ಅವಸರದಲ್ಲಿ ಸುಳ್ಳು ಇಟ್ಟಂಗಿಯನ್ನು ಇಟ್ಟುಕೊಂಡು ಸಾಯುತ್ತವೆ. ಕೂದಲಿನ ಬುಡದ, ಬಾಯಿಯೊಳಗಿನ ಆರೋಗ್ಯವಂತ ಕೋಶಗಳೂ ಬೇಗ ಬೇಗ ಬೆಳೆಯುವಂಥವೇ. ಅವಕ್ಕೂ ಪೆಟ್ಟು ಬೀಳುತ್ತದೆ. ನಮ್ಮ ಹುಡುಗನ ಬೋಳು ತಲೆಗೂ ಬಾಯಿಹುಣ್ಣಿಗೂ ಕಾರಣ ಅದು.

ಆದರೆ ಬರ್ಗ್‌ಮನ್ನರ ಹರಳೇ ಔಷಧವಾಗಲಿಲ್ಲ. ಅದು ತೋರಿಸಿದ್ದು ದಾರಿ ಮಾತ್ರ. ಸಕ್ಕರೆಯನ್ನು ಬದಲಿಸಿದರೆ ಕೋಶವನ್ನು ಮೋಸಗೊಳಿಸಬಹುದು ಎಂಬ ಆ ಸುಳಿವು ಹಿಡಿದು, 1959ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಮೂವರು ವಿಜ್ಞಾನಿಗಳು ಸೈಟರಬಿನನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಪ್ರಾಣಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪರೀಕ್ಷೆ ನಡೆದು 1969ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಅದರದೇ ದಾಯಾದಿ ವಿಡರಬಿನ್ 1976ರಲ್ಲಿ ಹರ್ಪಿಸ್ ವೈರಸ್ಸಿನ ವಿರುದ್ಧ ಬಳಕೆಗೆ ಬಂತು. ಸ್ಪಂಜು ಕುದಿಸಿದ ದಿನದಿಂದ ಔಷಧದ ಬಾಟಲಿಯವರೆಗೆ ಇಪ್ಪತ್ತನಾಲ್ಕು ವರ್ಷ. ಇಂದು ಸೈಟರಬಿನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ನನ್ನ ವಹಿಯ ಉಳಿದೆರಡು ಹೆಸರುಗಳೂ ಅಲ್ಲಿವೆ.

ಆ ಎರಡರ ಕತೆಯೂ ಹೀಗೆಯೇ. ಕಾಶಿ ಕಣಗಿಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆಯಿತ್ತು. ಜಮೈಕಾದಿಂದ ಬಂದ ಎಲೆಗಳನ್ನು 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ. ಇಲಿಗಳ ಬಿಳಿ ರಕ್ತಕಣಗಳು ಇಳಿದವು. ಆ ಗಿಡದಿಂದ ಮೊದಲು ವಿನ್‌ಬ್ಲಾಸ್ಟಿನ್, ಬಳಿಕ ವಿನ್‌ಕ್ರಿಸ್ಟಿನ್ ಸಿಕ್ಕಿದವು. ಇನ್ನು ಮೆಥೊಟ್ರೆಕ್ಸೇಟಿನ ಹಿಂದೆ ಭೀಮವರಂನಲ್ಲಿ ಹುಟ್ಟಿದ ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆಯಿದೆ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತದ ಕ್ಯಾನ್ಸರನ್ನು ಕೆಲವು ತಿಂಗಳಾದರೂ ಹಿಮ್ಮೆಟ್ಟಿಸಿದ್ದಾಗಿ ವರದಿ ಮಾಡಿದ್ದು ಸುಬ್ಬರಾವ್ ತಂಡ ತಯಾರಿಸಿದ ಔಷಧದಿಂದ. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಗು ಉಳಿಯುವ ಮಾತೇ ಇರಲಿಲ್ಲ. ಈಗ ಮುಂದುವರಿದ ದೇಶಗಳಲ್ಲಿ ಇಂಥ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ.

ಸ್ಪಂಜಿನ ಇನ್ನೊಂದು ಔಷಧದ ಲೆಕ್ಕ ಒಕ್ಕಲುತನದವರಿಗೆ ಚೆನ್ನಾಗಿ ತಿಳಿದೀತು. ಜಪಾನಿನ ಹಿರಾತಾ ಮತ್ತು ಉಎಮುರಾ 1980ರ ದಶಕದಲ್ಲಿ ತಮ್ಮ ಕಡಲಿನ ಕಪ್ಪು ಸ್ಪಂಜೊಂದರಿಂದ ಹ್ಯಾಲಿಕಾಂಡ್ರಿನ್ ಬಿ ಎಂಬ ವಸ್ತು ತೆಗೆದರು. ಹಾಕಿದ ಮಾಲು 600 ಕಿಲೋ. ಕೈಗೆ ಬಂದದ್ದು 12.5 ಮಿಲಿಗ್ರಾಂ. ಆರು ಕ್ವಿಂಟಲ್ ದ್ರಾಕ್ಷಿ ಒಣಗಿಸಿ ನಾಲ್ಕೈದು ಎಳ್ಳಿನ ಕಾಳು ಪಡೆದ ಹಾಗೆ. ಈ ಲೆಕ್ಕದಲ್ಲಿ ಔಷಧ ಮಾಡಲು ಹೊರಟರೆ ಕಡಲಿನಲ್ಲಿ ಸ್ಪಂಜೇ ಉಳಿಯದು. 1992ರಲ್ಲಿ ಹಾರ್ವರ್ಡಿನ ಯೊಶಿತೊ ಕಿಶಿ ಆ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿದರು. ಅದರ ಅರ್ಧ ಭಾಗ ಸಾಕು, ಔಷಧದ ಗುಣವೆಲ್ಲ ಅಲ್ಲಿಯೇ ಇದೆ ಎಂಬುದು ಆಮೇಲೆ ಗೊತ್ತಾಯಿತು. ಆ ಅರ್ಧವನ್ನು ಆಧರಿಸಿ ಜಪಾನಿನ ಕಂಪನಿಯೊಂದು ಮಾಡಿದ ಎರಿಬುಲಿನ್ 2010ರಲ್ಲಿ, ಹರಡಿದ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ ಮಂಜೂರಾಯಿತು. ಅದನ್ನು ತಯಾರಿಸಲು ಅರವತ್ತಕ್ಕೂ ಹೆಚ್ಚು ಹಂತಗಳು ಬೇಕು. ಎಲ್ಲ ಸುಳಿವುಗಳೂ ಹೀಗೆ ದಡ ಮುಟ್ಟುವುದಿಲ್ಲ. ಡಿಸ್ಕೋಡರ್ಮೊಲೈಡ್ ಎಂಬ ಇನ್ನೊಂದು ಸ್ಪಂಜಿನ ವಸ್ತು ರೋಗಿಗಳ ಮೇಲಿನ ಪರೀಕ್ಷೆಯವರೆಗೂ ಬಂದು, ಶ್ವಾಸಕೋಶಕ್ಕೆ ಹಾನಿಯಾಗುತ್ತದೆಂದು ಕಂಡು ನಿಂತುಹೋಯಿತು.

ನಮ್ಮ ದೇಶದಲ್ಲಿಯೂ ಈ ಹುಡುಕಾಟ ನಡೆದಿದೆ. ಬೆಳಗಾವಿಯಿಂದ ಘಟ್ಟ ಇಳಿದರೆ ಗೋವೆಯ ದೋನಾ ಪಾವ್ಲಾದಲ್ಲಿ 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ. ಅಲ್ಲಿನವರೂ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರೂ ನಮ್ಮ ಕಡಲುಗಳ ಸ್ಪಂಜು, ಪಾಚಿ, ಮೆದು ಹವಳಗಳನ್ನು ಔಷಧಗುಣಕ್ಕಾಗಿ ಪರೀಕ್ಷಿಸುತ್ತ ಬಂದಿದ್ದಾರೆ. ಅದಕ್ಕೂ ಮೊದಲು ಯಾವ ಸ್ಪಂಜು ಯಾವುದು ಎಂದು ಗುರುತಿಸುವವರು ಬೇಕಲ್ಲ? ಆ ಕೆಲಸವನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪಿ.ಎ. ಥಾಮಸ್ ಮಾಡಿದರು. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಗಳ ಸ್ಪಂಜುಗಳನ್ನು ಒಂದೊಂದಾಗಿ ನೋಡಿ, ಅವುಗಳ ಮೈಯೊಳಗಿನ ಸೂಜಿಯಂಥ ಮುಳ್ಳುಗಳನ್ನು ಅಳೆದು ಪಟ್ಟಿ ಮಾಡಿದರು. ಹೆಸರಿಲ್ಲದ ಪ್ರಾಣಿಯಿಂದ ಔಷಧ ಸಿಕ್ಕರೂ ಅದನ್ನು ಮತ್ತೆ ಹುಡುಕಿ ತರುವುದು ಹೇಗೆ?

ಮಗಳು ಕಾರವಾರದಲ್ಲಿ ಮಾಡಿದ್ದು ಈ ಸಾಲಿನ ಅತಿ ಸಣ್ಣ ಕೆಲಸ. ಅನುಮತಿ ಪಡೆದು ತಂದ ಬೆರಳುದ್ದದ ಸ್ಪಂಜಿನ ಚೂರನ್ನು ಮೀಥೈಲ್ ಆಲ್ಕೋಹಾಲಿನಲ್ಲಿ ನೆನೆಹಾಕುವುದು, ಸೋಸಿ ಭಟ್ಟಿ ಇಳಿಸಿ ಅಂಟಿನಂಥ ಸಾರ ತೆಗೆಯುವುದು, ಅದರಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆಯಲ್ಲಿಡುವುದು. ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರ ಮೂಡಿದ್ದರೆ ಅಲ್ಲಿ ಏನೋ ಇದೆ. ಮೂಡದಿದ್ದರೆ ಇಲ್ಲ. ಅವಳ ತಟ್ಟೆಗಳಲ್ಲಿ ಹೆಚ್ಚಿನವು ಮೂಡಲಿಲ್ಲ. ಮೂಡಿದ ಒಂದೆರಡು ಬಹಳ ದೂರ ಹೋಗಲಿಲ್ಲ. ಅವಳ ಓದಿನಿಂದ ಲೋಕಕ್ಕೆ ಔಷಧವೇನೂ ಬರಲಿಲ್ಲ. ಈಗ ಕರಾವಳಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಳೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಇಳಿತದ ಹೊತ್ತಿಗೆ ಬಂಡೆಗಳ ಹತ್ತಿರ ಕರೆದೊಯ್ಯುತ್ತಾಳೆ. ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಕಿತ್ತು ತರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹುಡುಗನ ಕಾಯಿಲೆಯ ಕಾಲದಲ್ಲಿ ನಮ್ಮ ಬಳಗದ ಒಬ್ಬ ಹಿರಿಯರು, ‘ಆ ಇಂಗ್ಲಿಷ್ ಔಷಧ ಬ್ಯಾಡ, ಸದಾಪುಷ್ಪದ ಎಲಿ ಅರದ ಕುಡಸ್ರಿ. ಅದರಿಂದನ ಮಾಡ್ತಾರಂತ. ಸೃಷ್ಟಿಯ ಔಷಧಕ್ಕ ದೋಷ ಇರೂದಿಲ್ಲ’ ಎಂದು ತಂಗಿಯ ಮನಸ್ಸು ಕದಡಿಸಿದ್ದರು. ಅವಳು ಎಲೆ ಕಿತ್ತು ಅರೆಯಲು ಕೂತದ್ದನ್ನು ನಾನೇ ಕೈಹಿಡಿದು ನಿಲ್ಲಿಸಿದೆ. ಆ ಎಲೆಯಲ್ಲಿ ಹಲವಾರು ಬಗೆಯ ವಿಷಗಳಿವೆ. ಒಂದು ಗ್ರಾಂ ಔಷಧಕ್ಕೆ ಕ್ವಿಂಟಲ್‌ಗಟ್ಟಲೆ ಎಲೆ ಸೋಸಿ, ಉಳಿದದ್ದನ್ನು ಬೇರ್ಪಡಿಸಿ, ಮಗುವಿನ ತೂಕಕ್ಕೂ ಎತ್ತರಕ್ಕೂ ತಕ್ಕಂತೆ ಅಳೆದು ಕೊಟ್ಟಾಗ ಅದು ಔಷಧ. ಅರೆದು ಕುಡಿಸಿದರೆ ವಿಷ. ಸೃಷ್ಟಿ ನಮಗಾಗಿ ಔಷಧ ಮಾಡಿಟ್ಟಿಲ್ಲ. ಸ್ಪಂಜು ತನ್ನ ಪ್ರಾಣ ಉಳಿಸಿಕೊಳ್ಳಲು ವಿಷ ಇಟ್ಟುಕೊಂಡಿದೆ, ಗಿಡವೂ ಅಷ್ಟೇ. ಆ ವಿಷವನ್ನು ನೋಡಿ, ಅಳೆದು, ತಿದ್ದಿ ಮದ್ದು ಮಾಡುವುದು ಮನುಷ್ಯನ ದುಡಿಮೆ. ಸಕ್ಕರೆ ಕಾಯಿಲೆಗೆಂದು ಇಂದಿಗೂ ಈ ಎಲೆ ತಿನ್ನುವವರು ನಮ್ಮಲ್ಲಿ ಇದ್ದಾರೆ. ದಯವಿಟ್ಟು ಬೇಡ.

ಹೋದ ಬೇಸಿಗೆಯಲ್ಲಿ ಒಬ್ಬ ತಂದೆ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದ. ಹಿಂದಿನ ಬೆಂಚಿನ ಅದೇ ಹುಡುಗ. ಈಗ ತಲೆ ನರೆತಿದೆ, ಹತ್ತು ಎಕರೆ ದ್ರಾಕ್ಷಿ ತೋಟವಿದೆ. ಮಗಳಿಗೆ ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಬಂದಿವೆ. ಅವಳಿಗೆ ಪ್ರಾಣಿಶಾಸ್ತ್ರ ಓದುವ ಮನಸ್ಸು. ಇವನಿಗೆ ಅವಳು ಇನ್ನೊಂದು ವರ್ಷ ಕೂತು ಮತ್ತೆ ನೀಟ್ ಬರೆಯಬೇಕೆಂಬ ಹಟ.

‘ಸರ, ನೀವ ಬುದ್ಧಿ ಹೇಳ್ರಿ. ಹುಳಾ ಹುಪ್ಪಡಿ ಓದಿದ್ರ ಉಪಯೋಗ ಏನ್ರಿ?’

ಅವನಿಗೆ ಹಳೆಯದು ನೆನಪಿರಲಿಲ್ಲ. ನನಗಿತ್ತು. ಎದ್ದು ಹೋಗಿ ಟ್ರಂಕಿನಿಂದ ಕೆಂಪು ರಟ್ಟಿನ ವಹಿ ತಂದೆ. ‘ಮೂವತ್ತು ವರ್ಷದ ಹಿಂದ ನೀ ಇದನ್ನ ಕೇಳಿದ್ದಿ. ನಾ ತಪ್ಪು ಉತ್ತರ ಕೊಟ್ಟಿದ್ದೆ’ ಎಂದೆ. ನನ್ನ ಅಳಿಯನನ್ನು ಅವನು ಬಲ್ಲ. ಇಬ್ಬರೂ ಒಂದೇ ಒಣದ್ರಾಕ್ಷಿ ಶೆಡ್ಡಿಗೆ ಮಾಲು ಹಾಕುವವರು. ಚಿಕ್ಕಂದಿನಲ್ಲಿ ಅವನಿಗೆ ದೊಡ್ಡ ಕಾಯಿಲೆಯಾಗಿತ್ತು ಎಂಬುದೂ ಗೊತ್ತು. ಯಾವ ಪ್ರಾಣಿಯ ದಾರಿಯಿಂದ ಅವನು ಉಳಿದ ಎಂಬುದು ಗೊತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ.

ಪ್ರಾಣಿಶಾಸ್ತ್ರ ಓದಿದರೆ ನೌಕರಿ ಖಂಡಿತ ಎಂದು ನಾನು ಹೇಳಲಿಲ್ಲ. ಅದು ಸುಳ್ಳಾಗುತ್ತಿತ್ತು. ಹಾದಿ ಉದ್ದ, ಸಂಬಳ ತಡ, ಹೆಚ್ಚಿನ ತಟ್ಟೆಗಳಲ್ಲಿ ಉಂಗುರ ಮೂಡುವುದಿಲ್ಲ. ವೈದ್ಯರೂ ನಮಗೆ ಬೇಕೇ ಬೇಕು. ಅವರಿಲ್ಲದಿದ್ದರೆ ನಮ್ಮ ಹುಡುಗ ಉಳಿಯುತ್ತಿರಲಿಲ್ಲ. ಆದರೆ ಅಂದು ಆ ವೈದ್ಯರ ಕೈಯಲ್ಲಿ ಆ ಬಾಟಲಿ ಇದ್ದದ್ದು, ಯಾರೋ ಎಂದೋ ಉಪಯೋಗ ಕೇಳದೆ ಒಂದು ಸ್ಪಂಜನ್ನು ಕುದಿಸಿ, ತಳಕ್ಕಿಳಿದ ಹರಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಅಷ್ಟನ್ನು ಹೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಮನಸ್ಸು ಬದಲಾಯಿತೋ ಇಲ್ಲವೋ ನಾನು ಕೇಳಲಿಲ್ಲ. ಹುಡುಗಿ ಮಾತ್ರ ವಹಿಯ ಪುಟ ತಿರುವಿ ಹಾಕುತ್ತಿದ್ದಳು. ಒಂದು ಕಡೆ ನಿಲ್ಲಿಸಿ ಕೇಳಿದಳು: ‘ಅಜ್ಜಾರ, ಆ ಸ್ಪಂಜು ತನ್ನ ವಿಷದಿಂದ ತಾನ ಯಾಕ ಸಾಯೂದಿಲ್ರಿ?’

ನನಗೆ ಗೊತ್ತಿರಲಿಲ್ಲ. ಈ ಸಲ ನಗಲಿಲ್ಲ. ಮಗಳ ಫೋನ್ ನಂಬರು ಬರೆದುಕೊಟ್ಟೆ.